ಬೆನ್ನಿಗೆ ಬಿದ್ದ ಪೆಟ್ಟು, ಕೂಲಿಗಾರನಿಗೆ ಸಲ್ಲುವ ಪರಿಹಾರ

(ಗ್ರಾಮ ಕಾರ್ಯಕರ್ತರೂ ಕೂಲಿಗಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಮಾತನಾಡಬೇಕೆಂದಿರುವ ವಿಷಯ ಬೆನ್ನು. ಬಿತ್ತನೆ ಬೀಜ, ಗೊಬ್ಬರ, ಹಾಲಿನ ಸಂಘ ಇವುಗಳ ಬಗ್ಗೆ ತಮಗೆ ತಿಳಿಸುವವರು ಬಹಳ ಮಂದಿ ಇದ್ದಾರೆ. ಆ ಗೊಬ್ಬರದ ಚೀಲವನ್ನು ಲಾರಿಯಿಂದ ಇಳಿಸಿ ಗೋದಾಮಿನೊಳಕ್ಕೆ ಹೊತ್ತವನ ಬೆನ್ನಿನ ಬಗ್ಗೆ ಮಾತನಾಡುವವರು ಕಡಿಮೆ. ಅಡಿಕೆ ಮರದಿಂದ ಜಾರಿ ಬಿದ್ದವನು, ಗಾರೆಯ ಬಾಣಲೆ ಹೊತ್ತು ಏಣಿ ಹತ್ತುವಾಗ ಕಾಲು ತಪ್ಪಿದವಳು, ಕಲ್ಲು ಎತ್ತುವಾಗ ಸೊಂಟದಲ್ಲಿ ಏನೋ ಕಡಿದಂತಾಗಿ ಅಲ್ಲೇ ಕುಳಿತವನು, ಇಂಥವರು ನಮ್ಮ ಪ್ರತಿ ಹಳ್ಳಿಯಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಜಗಲಿಯ ಮೇಲೆ ಮಲಗಿರುತ್ತಾರೆ. ಮನೆಯವರು ಹಣೆಬರಹವೆನ್ನುತ್ತಾರೆ. ಕೆಲಸ ಕೊಟ್ಟವರು ಹಬ್ಬಕ್ಕೆ ನೂರಿನ್ನೂರು ರೂಪಾಯಿ ಕೊಟ್ಟು ಸುಮ್ಮನಾಗುತ್ತಾರೆ. ಅವರಲ್ಲಿ ಹಲವರಿಗೆ ಕಾನೂನಿನ ಮೂಲಕ ಪರಿಹಾರಧನ ಸಲ್ಲಬೇಕಾಗಿತ್ತೆಂಬುದು ಅವರಿಗೂ ತಿಳಿದಿರುವುದಿಲ್ಲ, ಕೊಡಬೇಕಾದವರಿಗೂ ತಿಳಿದಿರುವುದಿಲ್ಲ. ತಿಳಿದಿದ್ದರೂ ತಿಳಿಯದಂತೆ ಇರುವವರ ಮಾತು ಬೇರೆ.

ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ, ಸಲ್ಲಬೇಕಾದದ್ದು ಏಕೆ ಕೈತಪ್ಪಿಹೋಗುತ್ತದೆ ಎಂಬಿಷ್ಟನ್ನು ಹೇಳುತ್ತೇನೆ.

ಮೊದಲು ಬೆನ್ನುಮೂಳೆಯ ಕಟ್ಟೋಣವನ್ನು ಸ್ವಲ್ಪ ತಿಳಿಯಬೇಕು. ಬೆನ್ನುಮೂಳೆ ಒಂದೇ ಕೋಲಿನಂಥ ಎಲುಬಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಎಲುಬುಗಳು ಒಂದರ ಮೇಲೊಂದು ಪೇರಿಸಿದಂತೆ ನಿಂತಿವೆ. ಅವುಗಳ ಕೆಳಗೆ ಕೂಡಿಕೊಂಡುಹೋದ ಎಲುಬುಗಳು ಇವೆ. ಬಿಡಿ ಎಲುಬುಗಳ ನಡುವೆ ಒಂದೊಂದು ಮೆತ್ತೆ ಇದೆ; ವೈದ್ಯರು ಡಿಸ್ಕ್ ಎನ್ನುವುದು ಇದನ್ನೇ. ಮೆತ್ತೆಯ ಹೊರಗೆ ಗಟ್ಟಿಯಾದ ನಾರಿನ ಸುತ್ತು, ಒಳಗೆ ಅಂಟಿನಂಥ ಮೃದುವಾದ ವಸ್ತು. ಹೊರಗಿನ ನಾರು ಹರಿದರೆ ಒಳಗಿನದು ಹೊರಕ್ಕೆ ಉಬ್ಬಿ ಪಕ್ಕದ ನರವನ್ನು ಒತ್ತುತ್ತದೆ. ಆಗ ನೋವು ಸೊಂಟದಲ್ಲಿ ನಿಲ್ಲದೆ ತೊಡೆಯ ಹಿಂಭಾಗದಿಂದ ಪಾದದವರೆಗೆ ಇಳಿಯುತ್ತದೆ. ಎಲುಬುಗಳ ಹಿಂದಿನ ಕೊಳವೆಯಂಥ ದಾರಿಯಲ್ಲಿ ಬೆನ್ನುಹುರಿ ಇದೆ. ಅದಕ್ಕೆ ಪೆಟ್ಟಾದರೆ ಪೆಟ್ಟಾದ ಜಾಗದಿಂದ ಕೆಳಗೆ ಕೈಕಾಲುಗಳ ಬಲ ಹೋಗಬಹುದು, ಮಲಮೂತ್ರಗಳ ಹಿಡಿತವೂ ತಪ್ಪಬಹುದು.

ಏತದ ಮರವನ್ನು ನೋಡಿದ ಹಿರಿಯರು ಇಲ್ಲಿದ್ದಾರೆ. ಭಾರವು ಆನಿಕೆಯಿಂದ ದೂರವಾದಷ್ಟೂ ಈಚೆ ಕಡೆ ಹೆಚ್ಚು ಬಲ ಬೇಕು. ಬಗ್ಗಿ ಕೈಚಾಚಿ ಚೀಲ ಎತ್ತುವವನ ಸೊಂಟದಲ್ಲಿ ಆಗುವುದೂ ಅದೇ. ಚೀಲ ಮೈಯಿಂದ ದೂರದಲ್ಲಿರುತ್ತದೆ, ಬೆನ್ನಿನ ಸ್ನಾಯುಗಳು ಮೂಳೆಯ ಪಕ್ಕದಲ್ಲೇ ಇರುತ್ತವೆ. ಆದುದರಿಂದ 50 ಕಿಲೋ ಚೀಲ ಎತ್ತಿದರೆ ಸೊಂಟದ ಕೆಳಗಿನ ಎರಡು ಮೆತ್ತೆಗಳ ಮೇಲೆ ಬೀಳುವ ಒತ್ತಡ 50 ಕಿಲೋಗೆ ಅನೇಕ ಪಟ್ಟು. ಡಿಸ್ಕ್ ಹರಿಯುವುದು ಹೆಚ್ಚಾಗಿ ಅಲ್ಲಿಯೇ.

ಹೀಗೆ ಬೆನ್ನು ಕೆಡುವ ದಾರಿ ಎರಡು. ಒಂದು, ಇಂಥ ದಿನ ಇಂಥ ಹೊತ್ತಿನಲ್ಲಿ ಆದ ಪೆಟ್ಟು: ಬಿದ್ದದ್ದು, ಜಾರಿದ್ದು, ಎತ್ತುವಾಗ ಹರಿದದ್ದು. ಇನ್ನೊಂದು, ಸವೆತ. ಹತ್ತಿಪ್ಪತ್ತು ವರ್ಷ ಮೂಟೆ ಹೊತ್ತು, ಟ್ರ್ಯಾಕ್ಟರಿನ ಸೀಟಿನ ಮೇಲೆ ಕುಲುಕಿ ಕುಲುಕಿ, ದಿನವೂ ಬಗ್ಗಿ ನಾಟಿ ಮಾಡಿ ಸ್ವಲ್ಪಸ್ವಲ್ಪವಾಗಿ ಕೆಟ್ಟದ್ದು. ನೋವು ಅನುಭವಿಸುವವನಿಗೆ ಎರಡೂ ಒಂದೇ. ಕಾನೂನಿಗೆ ಎರಡೂ ಒಂದಲ್ಲ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ವ್ಯತ್ಯಾಸವನ್ನೇ ಆಧರಿಸಿದೆ.

ಕಾನೂನಿನ ಕಥೆ ಹೀಗಿದೆ. ನಮ್ಮ ದೇಶದಲ್ಲಿ 1923ರಲ್ಲಿ ಕೆಲಸಗಾರರ ಪರಿಹಾರ ಕಾಯಿದೆ ಆಯಿತು. 1924ರ ಜುಲೈ 1ರಿಂದ ಅದು ನಡೆಯಲು ತೊಡಗಿತು. 2009ರ ತಿದ್ದುಪಡಿಯಲ್ಲಿ ಅದಕ್ಕೆ ನೌಕರರ ಪರಿಹಾರ ಕಾಯಿದೆ ಎಂದು ಹೆಸರಾಯಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಹಳೆಯ ಕಾಯಿದೆಯ ಜಾಗದಲ್ಲಿ ಈ ಸಂಹಿತೆಯ ಏಳನೆಯ ಅಧ್ಯಾಯ ನಿಂತಿದೆ. ಹೆಸರು ಬದಲಾದರೂ ಮೂಲ ಸೂತ್ರ ಬದಲಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ, ಅಪಘಾತದಿಂದ ಕೆಲಸಗಾರನ ಮೈಗೆ ಪೆಟ್ಟಾದರೆ ಕೆಲಸ ಕೊಟ್ಟವನು ಪರಿಹಾರ ಕೊಡತಕ್ಕದ್ದು. ಮಾಲೀಕನ ತಪ್ಪಿತ್ತೆಂದು ಕೆಲಸಗಾರ ಸಾಧಿಸಬೇಕಾದ ಅಗತ್ಯವಿಲ್ಲ. ಕೆಲಸಗಾರ ಸ್ವಲ್ಪ ಅಜಾಗರೂಕನಾಗಿದ್ದನೆಂಬ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಕುಡಿದಿದ್ದರೆ, ಸುರಕ್ಷತೆಗೆಂದು ಹೇಳಿದ ಸ್ಪಷ್ಟ ನಿಯಮವನ್ನು ಬೇಕೆಂದೇ ಮೀರಿದ್ದರೆ ಮಾಲೀಕನು ಆಕ್ಷೇಪ ಎತ್ತಬಹುದು. ಆದರೆ ಸಾವಾದಲ್ಲಿ ಅಥವಾ ಶಾಶ್ವತವಾದ ಪೂರ್ಣ ಅಶಕ್ತತೆ ಬಂದಲ್ಲಿ ಆ ಆಕ್ಷೇಪಕ್ಕೂ ಎಡೆಯಿಲ್ಲ.

ಇಲ್ಲಿ ‘ಅಪಘಾತ’ ಎಂಬ ಮಾತಿನ ಅರ್ಥವನ್ನು ಸರಿಯಾಗಿ ಹಿಡಿಯಬೇಕು. ಅಪಘಾತವೆಂದರೆ ಲಾರಿ ಮಗುಚಿದ್ದು, ಗೋಡೆ ಬಿದ್ದದ್ದು ಎಂದು ನಾವು ತಿಳಿಯುತ್ತೇವೆ. ಹೊರಗೆ ಏನೂ ಮುರಿಯದೆ, ಏನೂ ಬೀಳದೆ, ಭಾರ ಎತ್ತುವಾಗ ಮೈಯೊಳಗೇ ಏನೋ ಹರಿದರೆ ಅದು ಅಪಘಾತವೇ? ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ನಮ್ಮ 1923ರ ಕಾನೂನಿಗೆ ಮಾದರಿಯಾದದ್ದು ಇಂಗ್ಲೆಂಡಿನ ಕಾನೂನು. ಅಲ್ಲಿ ಫೆಂಟನ್ ಎಂಬ ಕೆಲಸಗಾರನು ಬಿಗಿದುಕೊಂಡಿದ್ದ ಯಂತ್ರದ ಚಕ್ರವನ್ನು ಬಲವಾಗಿ ತಿರುಗಿಸುವಾಗ ಅವನ ಹೊಟ್ಟೆಯೊಳಗೆ ಹರಿದಂತಾಗಿ ಅಂಡವಾಯುವಾಯಿತು. ಜಾರಲಿಲ್ಲ, ಬೀಳಲಿಲ್ಲ, ಮಾಮೂಲಿನ ಕೆಲಸವನ್ನೇ ಮಾಡುತ್ತಿದ್ದ. ಅದೂ ಅಪಘಾತವೇ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 1903ರಲ್ಲಿ ತೀರ್ಪಿತ್ತಿತು. ಎಣಿಸದೆ, ಬಯಸದೆ ಒದಗಿದ ಕೇಡೆಲ್ಲವೂ ಅಪಘಾತವೆಂಬುದು ಅದರ ತಾತ್ಪರ್ಯ. 1910ರಲ್ಲಿ ಇನ್ನೊಂದು ಮೊಕದ್ದಮೆ. ಒಬ್ಬ ಕೆಲಸಗಾರನ ದೊಡ್ಡ ರಕ್ತನಾಳ ರೋಗದಿಂದ ಉಬ್ಬಿ ತೆಳುವಾಗಿತ್ತು. ನಟ್ಟು ಬಿಗಿಯುವಾಗ ಅದು ಒಡೆದು ಅವನು ಸತ್ತ. ಮಲಗಿದ್ದಾಗಲೂ ಅದು ಒಡೆಯಬಹುದಾಗಿತ್ತು ಎಂದು ವೈದ್ಯರು ಹೇಳಿದರು. ಆದರೆ ಒಡೆದದ್ದು ಮಲಗಿದ್ದಾಗ ಅಲ್ಲ, ಕೆಲಸದ ಶ್ರಮದಿಂದ. ಆದ್ದರಿಂದ ಪರಿಹಾರ ಸಲ್ಲುತ್ತದೆ ಎಂದು ಅದೇ ಪೀಠ ಹೇಳಿತು. ನಮ್ಮ ನ್ಯಾಯಾಲಯಗಳೂ ಅಪಘಾತ ಎಂಬ ಮಾತನ್ನು ಇದೇ ವಿಸ್ತಾರದಲ್ಲಿ ಬಳಸುತ್ತ ಬಂದಿವೆ. ಆದರೆ ಕೆಲಸದಲ್ಲಿದ್ದಾಗ ನೋವು ಬಂತು ಎಂದರಷ್ಟೇ ಸಾಲದು. ಆ ಕೆಲಸದ ಶ್ರಮದಿಂದಲೇ ಬಂತು ಎಂಬುದಕ್ಕೆ ಆಧಾರ ತೋರಿಸಬೇಕು.

ಹೀಗಾಗಿ, ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡು, ಪರೀಕ್ಷೆ ಮಾಡಿಸಿದಾಗ ಡಿಸ್ಕ್ ಹರಿದಿರುವುದು ಕಂಡರೆ, ಅದು ಅಪಘಾತದ ಪೆಟ್ಟು. ‘ನೀನೇನು ಬಿದ್ದಿಯಾ, ಬರಿಯ ಉಳುಕು’ ಎಂದು ಮೇಸ್ತ್ರಿ ಹೇಳಿದರೆ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಸವೆತದ ವಿಚಾರ. ಇದು ಬೇಸರದ ಭಾಗ, ಆದರೂ ಮುಚ್ಚಿಡಬಾರದು. ಪೆಟ್ಟಿನ ಹೊರತು ಕೇವಲ ರೋಗಕ್ಕೆ ಪರಿಹಾರ ಬೇಕಾದರೆ ಆ ರೋಗವು ವೃತ್ತಿರೋಗಗಳ ಪಟ್ಟಿಯಲ್ಲಿರಬೇಕು. ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ಆ ಪಟ್ಟಿ ಇದೆ. ಸೀಸದ ವಿಷ ಇದೆ, ಕಲ್ಲುಪುಡಿಯಿಂದ ಬರುವ ಶ್ವಾಸಕೋಶದ ರೋಗ ಇದೆ, ಗದ್ದಲದಿಂದ ಬರುವ ಕಿವುಡುತನ ಇದೆ. ಭಾರ ಹೊತ್ತು ಸವೆದ ಬೆನ್ನುಮೂಳೆ ಅದರಲ್ಲಿ ಇಲ್ಲ. ಪಟ್ಟಿಯಲ್ಲಿಲ್ಲದ ರೋಗವು ನಿರ್ದಿಷ್ಟವಾದ ಒಂದು ಅಪಘಾತದಿಂದ ನೇರವಾಗಿ ಬಂದಿದ್ದರೆ ಮಾತ್ರ ಪರಿಹಾರ, ಇಲ್ಲದಿದ್ದರೆ ಇಲ್ಲ ಎಂಬುದು ಹಳೆಯ ಕಾಯಿದೆಯಲ್ಲಿದ್ದ ನಿಯಮ, ಈಗಲೂ ಅದೇ. ಮಂಡಿಯಲ್ಲಿ 25 ವರ್ಷ ಹಮಾಲಿ ಮಾಡಿ ಬೆನ್ನು ಬಾಗಿದವನು ‘ಈ ಕೆಲಸದಿಂದಲೇ ನನ್ನ ಬೆನ್ನು ಹೋಯಿತು’ ಎಂದು ಬರಿದೆ ಅರ್ಜಿ ಕೊಟ್ಟರೆ ಅದು ಬಿದ್ದುಹೋಗುತ್ತದೆ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಜರ್ಮನಿಯು 1993ರಿಂದ ಮೂರು ಬಗೆಯ ಬೆನ್ನುಮೂಳೆ ರೋಗಗಳನ್ನು ವೃತ್ತಿರೋಗಗಳ ಪಟ್ಟಿಗೆ ಸೇರಿಸಿದೆ. ಅನೇಕ ವರ್ಷ ಭಾರ ಎತ್ತಿ ಅಥವಾ ಬಹಳ ಬಗ್ಗಿ ದುಡಿದು ಕೆಟ್ಟ ಸೊಂಟದ ಡಿಸ್ಕ್ ಒಂದು. ಅನೇಕ ವರ್ಷ ಹೆಗಲ ಮೇಲೆ ಭಾರ ಹೊತ್ತು ಕೆಟ್ಟ ಕುತ್ತಿಗೆಯ ಡಿಸ್ಕ್ ಎರಡನೆಯದು. ವಾಹನದ ಸೀಟಿನ ಮೇಲೆ ಕುಳಿತು ವರ್ಷಗಟ್ಟಲೆ ಕುಲುಕಾಟದಿಂದ ಕೆಟ್ಟ ಸೊಂಟದ ಡಿಸ್ಕ್ ಮೂರನೆಯದು. ಎರಡನೆಯದಕ್ಕೆ ಅವರು ಕೊಡುವ ಮುಖ್ಯ ಉದಾಹರಣೆ ಕಸಾಯಿಖಾನೆಯಲ್ಲಿ ಮಾಂಸದ ದೊಡ್ಡ ತುಂಡುಗಳನ್ನು ಹೆಗಲ ಮೇಲೆ ಹೊರುವವರು. ಭಾರ 50 ಕಿಲೋ ಅಥವಾ ಹೆಚ್ಚು. ನಮ್ಮ ಹಮಾಲಿಯ ಹೆಗಲಿನ ಮೇಲಿರುವುದೂ ಅಷ್ಟೇ ಭಾರ! ಫ್ರಾನ್ಸ್ ದೇಶವೂ 1999ರಲ್ಲಿ ಭಾರ ಎತ್ತುವವರ ಮತ್ತು ವಾಹನದ ಕುಲುಕಾಟಕ್ಕೆ ಒಳಗಾಗುವವರ ಡಿಸ್ಕ್ ರೋಗವನ್ನು ಪಟ್ಟಿ ಮಾಡಿತು. ಐದು ವರ್ಷವಾದರೂ ಆ ಕೆಲಸ ಮಾಡಿರಬೇಕೆಂದು ಕಟ್ಟುಪಾಡು ಹಾಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ, ಗಂಡಸು ಒಬ್ಬನೇ ಹೊರುವ ಭಾರ 55 ಕಿಲೋ ಮೀರದಂತೆ ಮಾಡಬೇಕೆಂದು ಶಿಫಾರಸು ಮಾಡಿತ್ತು.

ಸವೆತವನ್ನು ಪಟ್ಟಿಗೆ ಸೇರಿಸಿದರೆ ವಯಸ್ಸಾದವರೆಲ್ಲ ಬೆನ್ನು ನೋವೆಂದು ಬರುತ್ತಾರೆ ಎಂಬ ವಾದವಿದೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ, ಏಕೆಂದರೆ ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರ ತೆಗೆದರೂ ವಯಸ್ಸಾದಂತೆ ಡಿಸ್ಕ್ ಸವೆದಿರುವುದು ಕಾಣಿಸುತ್ತದೆ. ಆದರೆ ಇಷ್ಟು ವರ್ಷ, ಇಷ್ಟು ಭಾರ ಎಂದು ಅಳತೆ ಹಾಕಿ ಎರಡು ದೇಶಗಳು ಈ ತೊಡಕನ್ನು ಬಿಡಿಸಿಕೊಂಡಿವೆ. ಪಟ್ಟಿಗೆ ರೋಗವನ್ನು ಸೇರಿಸುವ ಅಧಿಕಾರವನ್ನು ನಮ್ಮ ಕಾನೂನೂ ಸರಕಾರಕ್ಕೆ ಕೊಟ್ಟಿದೆ. ಗದ್ದಲದಿಂದ ಕೆಟ್ಟ ಕಿವಿಗೆ ಸಲ್ಲುವುದು ಭಾರದಿಂದ ಕೆಟ್ಟ ಬೆನ್ನಿಗೆ ಏಕೆ ಸಲ್ಲಬಾರದೆಂಬುದಕ್ಕೆ ನನಗೆ ಒಪ್ಪುವ ಉತ್ತರ ಇದುವರೆಗೆ ಕಂಡಿಲ್ಲ. ಹಮಾಲರ ಸಂಘಗಳೂ ಪಂಚಾಯಿತಿಗಳೂ ಕೇಳಬೇಕಾದ ವಿಷಯ ಇದು.

ಪಟ್ಟಿ ಬದಲಾಗುವವರೆಗೆ ಏನು ಮಾಡಬೇಕು? ಸವೆದ ಬೆನ್ನು ಬಹಳ ಸಲ ಒಂದು ದಿನ ಒಂದು ಗಳಿಗೆಯಲ್ಲಿ ಕೈಕೊಡುತ್ತದೆ. ನಿನ್ನೆಯವರೆಗೆ ನೋವಿದ್ದರೂ ದುಡಿಯುತ್ತಿದ್ದವನು ಇವತ್ತು ಹತ್ತನೆಯ ಚೀಲ ಎತ್ತುವಾಗ ಕುಸಿದ. ರಕ್ತನಾಳದ ಮೊಕದ್ದಮೆಯಲ್ಲಿ ಆದದ್ದು ಇದೇ. ಮೊದಲೇ ದುರ್ಬಲವಾಗಿದ್ದುದು ಕೆಲಸದ ಶ್ರಮದಿಂದ ಒಡೆದರೆ ಪರಿಹಾರ ಸಲ್ಲುತ್ತದೆ. ಆದರೆ ಆ ದಿನ ಯಾವುದು, ಆ ಗಳಿಗೆ ಯಾವುದು, ಏನು ಎತ್ತುತ್ತಿದ್ದ, ಯಾರು ನೋಡಿದರು ಎಂಬುದಕ್ಕೆ ದಾಖಲೆ ಬೇಕು. ನಮ್ಮವರ ಹಕ್ಕು ಕೈತಪ್ಪುವುದು ಇಲ್ಲಿಯೇ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಆ ದಿನ ಮನೆಗೆ ಬಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ನಾಲ್ಕು ದಿನ ಬಿಟ್ಟು ಮೂಳೆ ಕಟ್ಟುವವರ ಹತ್ತಿರ ಹೋಗುತ್ತಾನೆ. ತಿಂಗಳು ಕಳೆದ ಮೇಲೆ ಕಾಲು ಜೋಮು ಹಿಡಿಯಿತೆಂದು ಆಸ್ಪತ್ರೆಗೆ ಬರುತ್ತಾನೆ. ಡಾಕ್ಟರು ‘ಎಷ್ಟು ದಿನದಿಂದ ನೋವು?’ ಎಂದರೆ ‘ಬಹಳ ದಿನದಿಂದ ಸ್ವಾಮಿ’ ಎನ್ನುತ್ತಾನೆ. ಚೀಟಿಯಲ್ಲಿ ‘ಬಹಳ ಕಾಲದ ಸೊಂಟನೋವು’ ಎಂದು ಬರೆಯಲ್ಪಡುತ್ತದೆ. ಎರಡು ವರ್ಷದ ನಂತರ ವಕೀಲರು ಆ ಚೀಟಿಯನ್ನು ಎತ್ತಿ ತೋರಿಸಿ, ‘ಇದು ಹಳೆಯ ರೋಗ, ಅಪಘಾತವೇ ಆಗಿಲ್ಲ’ ಎನ್ನುತ್ತಾರೆ. ಡಾಕ್ಟರದೂ ತಪ್ಪಲ್ಲ, ಕೇಳಿದ್ದನ್ನು ಬರೆದರು. ಆದ್ದರಿಂದ ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು ನೋವಿನದಾಗಿರದೆ ಘಟನೆಯದಾಗಿರಲಿ: ‘ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ, ಇಂಥವರ ಗೋದಾಮಿನಲ್ಲಿ, 50 ಕಿಲೋ ಚೀಲ ಎತ್ತುವಾಗ ಸೊಂಟದಲ್ಲಿ ಕಡಿದಂತಾಗಿ ಕುಸಿದೆ.’ ಮೊದಲೇ ನೋವಿದ್ದರೆ ಅದನ್ನೂ ಹೇಳಿ, ಸುಳ್ಳು ಬೇಡ. ಇವತ್ತು ಹೊಸದಾಗಿ ಏನಾಯಿತೆಂಬುದನ್ನು ಬಿಡಬೇಡಿ. ಹೊರರೋಗಿ ಚೀಟಿಯಲ್ಲಿ ಅದು ಬರೆದಿದೆಯೇ ಎಂದು ಓದಬಲ್ಲವರಿಂದ ಅಲ್ಲಿಯೇ ಓದಿಸಿಕೊಳ್ಳಿ. ಎಕ್ಸ್‌ರೇ ಚಿತ್ರದಲ್ಲಿ ಮುರಿದ ಎಲುಬು ಕಾಣುತ್ತದೆ, ಹರಿದ ಡಿಸ್ಕ್ ಕಾಣುವುದಿಲ್ಲ. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂದ ಮಾತ್ರಕ್ಕೆ ಪೆಟ್ಟಿಲ್ಲವೆಂದಲ್ಲ. ಕಾಲಿಗೆ ಇಳಿಯುವ ನೋವು, ಬಲಹೀನತೆ ನಿಲ್ಲದಿದ್ದರೆ ಎಂ.ಆರ್.ಐ. ಪರೀಕ್ಷೆ ಬೇಕಾಗುತ್ತದೆ.

ನಾಟಿ ವೈದ್ಯರ ಬಗ್ಗೆ ಒಂದು ಮಾತು. ಕೈಕಾಲಿನ ಉಳುಕಿಗೆ ಜನ ಅವರಲ್ಲಿಗೆ ಹೋಗುತ್ತಾರೆ. ಅದರ ಚರ್ಚೆ ಇಲ್ಲಿ ಬೇಡ. ಬೆನ್ನುಮೂಳೆಗೆ ಪೆಟ್ಟಾದವನನ್ನು ಮಾತ್ರ ಎಳೆಯುವುದು, ತಿರುಚುವುದು, ತುಳಿಸುವುದು ಬಹಳ ಅಪಾಯ. ಪರಿಹಾರದ ದೃಷ್ಟಿಯಿಂದಲೂ ನಷ್ಟವಿದೆ. ಮಾಲೀಕನು ಖರ್ಚಿಲ್ಲದೆ ವೈದ್ಯರಿಗೆ ತೋರಿಸುತ್ತೇನೆಂದಾಗ ಒಲ್ಲೆನೆಂದು, ಬೇರೆ ಅರ್ಹ ವೈದ್ಯರಿಗೂ ತೋರಿಸದೆ ಪೆಟ್ಟು ಬಲಿತರೆ, ಬಲಿತ ಭಾಗಕ್ಕೆ ಪರಿಹಾರ ಸಿಕ್ಕುವುದಿಲ್ಲ. ಮಾಲೀಕನು ಕಳಿಸಿದ ವೈದ್ಯರ ಪರೀಕ್ಷೆಗೆ ಕಾರಣವಿಲ್ಲದೆ ಹೋಗದಿದ್ದರೆ ಹಕ್ಕು ಅಷ್ಟು ಕಾಲ ನಿಂತುಹೋಗುತ್ತದೆ.

ಮರದಿಂದಲೋ ಸಾರುವೆಯಿಂದಲೋ ಬಿದ್ದವನನ್ನು ಹೆಗಲು ಕೊಟ್ಟು ಎಬ್ಬಿಸಿ ಕೂರಿಸಬೇಡಿ. ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ, ಕಾಲು ಒಂದೇ ಸಾಲಿನಲ್ಲಿರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. 108ಕ್ಕೆ ಕರೆ ಮಾಡಿ. ಬೈಕಿನ ನಡುವೆ ಕೂರಿಸಿಕೊಂಡು ಹೋದರೆ ಮುರಿದ ಎಲುಬು ಬೆನ್ನುಹುರಿಯನ್ನು ಕತ್ತರಿಸಬಹುದು. ಬೀಳದಿದ್ದವನಿಗೂ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಇಳಿಯುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಿ. ಬಾಕಿ ಸಾಧಾರಣ ಸೊಂಟನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಮಲಗಿರುವುದು ಒಳ್ಳೆಯದಲ್ಲವೆಂದು ಈಗಿನ ವೈದ್ಯರ ಮತ.

ಹಣ ಎಷ್ಟು ಸಿಕ್ಕುತ್ತದೆ ಎಂಬುದಕ್ಕೆ ಬರುತ್ತೇನೆ. ಕೈ ಹೋದರೆ ಇಷ್ಟು, ಕಣ್ಣು ಹೋದರೆ ಇಷ್ಟು ಎಂದು ಕಾನೂನಿನಲ್ಲಿ ಪೆಟ್ಟುಗಳ ಪಟ್ಟಿ ಇದೆ. ಅದರಲ್ಲಿಯೂ ಬೆನ್ನುಮೂಳೆಯ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ ಪೆಟ್ಟಿಗೆ, ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಗಿದೆಯೆಂದು ಅರ್ಹ ವೈದ್ಯರು ಅಂದಾಜು ಮಾಡಬೇಕು. ದುಡಿಯುವ ಶಕ್ತಿ ಬೇರೆ, ಅಂಗವಿಕಲತೆಯ ಪ್ರಮಾಣ ಬೇರೆ. ವಿಕಲಚೇತನರ ಗುರುತಿನ ಚೀಟಿಯಲ್ಲಿ 40 ಎಂದಿರಬಹುದು. ಆದರೆ ಮೂಟೆ ಹೊರುವವನಿಗೆ ಇನ್ನು ಭಾರ ಎತ್ತಲೇ ಕೂಡದೆಂದರೆ ಅವನ ದುಡಿಮೆ ಉಳಿಯಿತೆಲ್ಲಿ? ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿತು. ಅವನ ಎಡಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದು ಕೈ ಉಳಿದಿದೆಯಲ್ಲ, ಇದು ಭಾಗಶಃ ಅಶಕ್ತತೆ ಎಂದು ಮಾಲೀಕನ ವಾದ. ಒಂದೇ ಕೈಯಿಂದ ಬಡಗಿ ಕೆಲಸ ಆಗುವುದಿಲ್ಲ, ಆದುದರಿಂದ ಪೂರ್ಣ ಅಶಕ್ತತೆ ಎಂದು ನ್ಯಾಯಾಲಯ ಒಪ್ಪಿತು. ಪರಿಹಾರವು ಅಪಘಾತದ ದಿನದಿಂದಲೇ ಕೊಡತಕ್ಕದ್ದೆಂದೂ ಹೇಳಿತು. ವೈದ್ಯರ ಮುಂದೆ ಹೋದಾಗ ನೋವು ಹೇಳಿಕೊಳ್ಳುವುದರ ಜೊತೆಗೆ ತಾನು ಮಾಡುತ್ತಿದ್ದ ಕೆಲಸ ಯಾವುದು, ಅದರಲ್ಲಿ ಈಗ ಏನು ಸಾಧ್ಯವಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಸೊಂಟದಿಂದ ಕೆಳಗೆ ಬಲವೇ ಹೋದವನ ವಿಷಯದಲ್ಲಿ ಈ ಚರ್ಚೆ ಏಳುವುದಿಲ್ಲ.

ಲೆಕ್ಕ ಹೀಗೆ. ಪೂರ್ಣ ಅಶಕ್ತತೆಗೆ ತಿಂಗಳ ಕೂಲಿಯ ನೂರಕ್ಕೆ 60 ಭಾಗವನ್ನು ವಯಸ್ಸಿಗೆ ತಕ್ಕ ಗುಣಕಾಂಕದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕ 207.98, 40ಕ್ಕೆ 184.17, 50ಕ್ಕೆ 153.09. ತಿಂಗಳಿಗೆ 12,000 ರೂಪಾಯಿ ದುಡಿಯುವ 40 ವರ್ಷದವನೆಂದು ಇಟ್ಟುಕೊಳ್ಳೋಣ. 7,200ನ್ನು 184.17ರಿಂದ ಗುಣಿಸಿದರೆ 13,26,024 ರೂಪಾಯಿ. ದುಡಿಯುವ ಶಕ್ತಿ ನೂರಕ್ಕೆ 30 ಹೋಗಿದೆಯೆಂದು ತೀರ್ಮಾನವಾದರೆ ಇದರಲ್ಲಿ 30 ಭಾಗ, ಸುಮಾರು 3,97,800 ರೂಪಾಯಿ. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮೊತ್ತಕ್ಕೆ ಒಂದು ಮಿತಿ ಇರುತ್ತದೆ. 2020ರ ಜನವರಿ 3ರ ಅಧಿಸೂಚನೆಯಲ್ಲಿ ಅದು ತಿಂಗಳಿಗೆ 15,000 ಎಂದಾಯಿತು. ಅಪಘಾತವಾದ ದಿನ ಯಾವ ಮಿತಿ ಇತ್ತೆಂಬುದನ್ನು ಅರ್ಜಿ ಬರೆಯುವಾಗ ವಿಚಾರಿಸಿಕೊಳ್ಳಬೇಕು. ನೋಡಿ, ಹಬ್ಬದ ನೂರಿನ್ನೂರು ರೂಪಾಯಿ ಎಲ್ಲಿ, ಇದೆಲ್ಲಿ!

ಶಾಶ್ವತ ಊನವಿಲ್ಲದೆ ಕೆಲವು ಕಾಲ ಮಾತ್ರ ಕೆಲಸ ಮಾಡಲಾಗದಿದ್ದರೆ ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ನಾಲ್ಕರಲ್ಲಿ ಒಂದು ಭಾಗ ಕೊಡಬೇಕು. ಹೆಚ್ಚೆಂದರೆ ಐದು ವರ್ಷ. ಮೂರು ದಿನಕ್ಕಿಂತ ಕಡಿಮೆಯ ಪೆಟ್ಟಿಗೆ ಇಲ್ಲ. 28 ದಿನ ಅಥವಾ ಹೆಚ್ಚು ಮಲಗಿದರೆ ಮೊದಲ ದಿನದಿಂದ ಲೆಕ್ಕ. ಪೆಟ್ಟಿನ ಚಿಕಿತ್ಸೆಗೆ ತಗಲಿದ ಖರ್ಚನ್ನೂ ಮಾಲೀಕನೇ ಕೊಡಬೇಕೆಂದು 2009ರ ತಿದ್ದುಪಡಿಯಿಂದ ಸೇರಿತು. ಇದು ಪರಿಹಾರಕ್ಕಿಂತ ಬೇರೆ. ‘ಆಸ್ಪತ್ರೆ ಬಿಲ್ಲು ನಾನೇ ಕಟ್ಟಿದೆನಲ್ಲ, ಇನ್ನೇನು ಪರಿಹಾರ?’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಆದರೆ ಬಿಲ್ಲುಗಳನ್ನು ಕಳೆಯದೆ ಇಡಬೇಕು.

‘ನೀನು ದಿನಗೂಲಿ, ನಿನಗೆಲ್ಲಿಯ ಕಾನೂನು?’ ಎನ್ನುವವರಿದ್ದಾರೆ. ತಾತ್ಕಾಲಿಕ ಕೂಲಿಗಾರನನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲಿಯೇ ತೆಗೆದುಹಾಕಿದ್ದಾರೆ. ‘ನಾನಲ್ಲ, ಗುತ್ತಿಗೆದಾರನನ್ನು ಕೇಳು’ ಎನ್ನುವವರೂ ಉಂಟು. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆ ಕೊಟ್ಟವನಿಂದಲೇ ಪರಿಹಾರ ಕೇಳಬಹುದು. ಅವನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಹಾಳೆಯ ಮೇಲೆ ‘ನನಗೇನೂ ಬೇಡ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆ ಹಾಳೆಗೆ ಬೆಲೆಯಿಲ್ಲ. ಹಕ್ಕನ್ನು ಬಿಟ್ಟುಕೊಡುವ ಕರಾರು ಅಸಿಂಧು. ಹಾಗೆಂದು ಹೆಬ್ಬೆಟ್ಟು ಒತ್ತಬೇಡಿ, ಸುಮ್ಮನೆ ತಕರಾರು ಬೆಳೆಯುತ್ತದೆ. ಕೆಲಸಕ್ಕೆ ಸೇರಿಸುವಾಗಲೇ ಈ ಹಕ್ಕನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯಲ್ಲಿ ತಿಳಿಸಬೇಕೆಂದು 2017ರಲ್ಲಿ ಕಾನೂನಾಯಿತು. ನಮ್ಮ ಕಡೆ ಎಷ್ಟು ಜನ ತಿಳಿಸಿದ್ದಾರೆಂದು ತಾವೇ ಹೇಳಬೇಕು.

ಹಮಾಲರಿಗೆ ಇರುವ ದೊಡ್ಡ ತೊಡಕು ಬೇರೆ. ಮೂಟೆಗೆ ಇಷ್ಟೆಂದು ಹತ್ತು ಅಂಗಡಿಗಳಲ್ಲಿ ದುಡಿಯುವವನ ಮಾಲೀಕ ಯಾರು? ಪೆಟ್ಟಾದಾಗ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಆ ದಿನ ಯಾರ ಸರಕು, ಯಾರು ಕರೆದರು, ಯಾರು ಕೂಲಿ ಕೊಟ್ಟರು ಎಂಬುದರ ಮೇಲೆ ವಾದ ನಿಲ್ಲುತ್ತದೆ. ಆದ್ದರಿಂದ ದಿನದ ಮೂಟೆ ಲೆಕ್ಕದ ಚೀಟಿ, ಲೈಸೆನ್ಸು, ಫೋನಿಗೆ ಬಂದ ಹಣದ ಸಂದೇಶ ಇವನ್ನು ಎಸೆಯಬೇಡಿ. ಕಟ್ಟಡ ಕಟ್ಟುವುದು, ಒಡೆಯುವುದು, ಅಗೆಯುವುದು, ಸರಕು ಹೇರುವುದು ಇಳಿಸುವುದು, ಟ್ರ್ಯಾಕ್ಟರಿನಂಥ ಯಂತ್ರದ ಬೇಸಾಯ ಇವೆಲ್ಲ ಕಾನೂನಿನ ಪಟ್ಟಿಯಲ್ಲಿ ಇವೆ. ತೋಟ ಮತ್ತು ಹೊಲದ ಇತರ ಕೆಲಸಗಳಿಗೆ ಕೆಲವು ಕಟ್ಟುಪಾಡುಗಳಿವೆ. ಪಟ್ಟಣದ ಕಾರ್ಖಾನೆಯಲ್ಲಿ ಇ.ಎಸ್.ಐ. ಕಾರ್ಡು ಇರುವವರಿಗೆ ದಾರಿ ಬೇರೆ, ಅವರು ಇ.ಎಸ್.ಐ. ಕಚೇರಿಯಲ್ಲಿಯೇ ಕೇಳಬೇಕು. ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಿದರೆ, ಈಗಿನ ಸಂಹಿತೆಯಲ್ಲಿ ಕೆಲಸದ ಅಪಘಾತವೆನಿಸುತ್ತದೆ. ಟ್ರಾಲಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಇಲ್ಲಿ ಕುಳಿತಿರುವ ರೈತರೂ ಕೇಳಬೇಕು. ಮಾಲೀಕನೆಂದರೆ ಪಟ್ಟಣದ ಸಾಹುಕಾರನೇ ಆಗಬೇಕಿಲ್ಲ. ಮನೆ ಕಟ್ಟಿಸುವ, ಟ್ರ್ಯಾಕ್ಟರು ಇಟ್ಟಿರುವ, ಕೊನೆ ಇಳಿಸಲು ಜನ ಕರೆಯುವ ನಮ್ಮ ಊರಿನವನೂ ಆಗಬಹುದು. ಎರಡೆಕರೆಯವನಿಗೆ 13 ಲಕ್ಷ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಹೊಣೆಗೆಂದೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ತೆಂಗಿನ ಮರ ಹತ್ತುವವರಿಗೆಂದು ತೆಂಗು ಅಭಿವೃದ್ಧಿ ಮಂಡಳಿಯ ವಿಮಾ ಯೋಜನೆಯೂ ಇದೆ. ಸುಗ್ಗಿಗೆ ಮುಂಚೆ ನಾಲ್ಕು ಜನ ರೈತರು ಸೇರಿ ಸೊಸೈಟಿಯಲ್ಲಿ ವಿಚಾರಿಸಿದರೆ ಇದು ಕಷ್ಟದ ಕೆಲಸವಲ್ಲ.

ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಕಾಲಾವಕಾಶ. ತಡವಾಗಿದ್ದರೆ ತಕ್ಕ ಕಾರಣ ತೋರಿಸಿ ಕೇಳಬಹುದು. ಅಪಘಾತ ಬೆಂಗಳೂರಿನಲ್ಲಿ ಆಗಿದ್ದರೂ ತಾನು ವಾಸವಾಗಿರುವ ಊರಿನ ಕಡೆಯ ಅಧಿಕಾರಿಯ ಮುಂದೆಯೇ ಅರ್ಜಿ ಕೊಡಬಹುದು. ಯಾರ ಮುಂದೆ ಎಂಬುದನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಾಗಲಿ, ನ್ಯಾಯಾಲಯದ ಆವರಣದಲ್ಲಿರುವ ಉಚಿತ ಕಾನೂನು ಸೇವಾ ಸಮಿತಿಯಲ್ಲಾಗಲಿ ತಿಳಿಸುತ್ತಾರೆ. ಕೊಡಬೇಕಾದ ಹಣವನ್ನು ಒಂದು ತಿಂಗಳು ಮೀರಿ ತಡೆಹಿಡಿದರೆ ಬಡ್ಡಿ ಬೀಳುತ್ತದೆ. ತಕ್ಕ ಕಾರಣವಿಲ್ಲದಿದ್ದರೆ ಬಾಕಿಯ ಅರ್ಧದಷ್ಟರವರೆಗೆ ದಂಡವೂ ಬೀಳಬಹುದು.

ಎಲ್ಲಕ್ಕಿಂತ ಮೊದಲು ಮಾಲೀಕನಿಗೆ ಒಂದು ತಿಳಿವಳಿಕೆ ಪತ್ರ ಕೊಡಬೇಕು. ಪೆಟ್ಟಾದ ದಿನವೇ ಅಥವಾ ಮರುದಿನ ಮನೆಯವರು ಯಾರಾದರೂ ಕೊಡಬಹುದು. ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಪತ್ರಿಕೆಯ ಓದುಗರು ನಕಲು ಮಾಡಿಕೊಳ್ಳಲೆಂದು ಅದರ ಮಾದರಿಯನ್ನು ಇಲ್ಲಿ ಓದುತ್ತೇನೆ:

‘ಇಂಥ ಊರಿನ ಇಂಥವರಿಗೆ, ಇಂಥ ಗ್ರಾಮದ ಇಂಥವನು ತಿಳಿಸುವುದೇನೆಂದರೆ: ನಾನು ತಮ್ಮಲ್ಲಿ ಇಂಥ ಕೆಲಸಕ್ಕೆ, ದಿನಕ್ಕೆ ಇಷ್ಟು ಕೂಲಿಗೆ ಇದ್ದೇನೆ. ಇಂಥ ತಾರೀಖು, ಇಷ್ಟು ಗಂಟೆಗೆ, ಇಂಥ ಸ್ಥಳದಲ್ಲಿ, ತಮ್ಮ ಕೆಲಸದಲ್ಲಿ ಇಷ್ಟು ತೂಕದ ಚೀಲ ಎತ್ತುತ್ತಿದ್ದಾಗ ನನ್ನ ಸೊಂಟಕ್ಕೆ ಪೆಟ್ಟಾಯಿತು. ಆಗ ಅಲ್ಲಿ ಇಂಥ ಇಬ್ಬರು ಇದ್ದರು. ಅದೇ ದಿನ ಇಂಥ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದೇನೆ. ಚೀಟಿಯ ನಕಲು ಜೊತೆಗಿದೆ. ಕಾನೂನಿನಂತೆ ನನಗೆ ಸಲ್ಲಬೇಕಾದ ಚಿಕಿತ್ಸೆಯ ಖರ್ಚು ಮತ್ತು ಪರಿಹಾರವನ್ನು ಕೊಡಬೇಕೆಂದು ಕೇಳುತ್ತೇನೆ. ತಾರೀಖು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಬರೆದವರ ಹೆಸರು.’